ಅಡ್ಡದಾರಿ ಹಿಡಿದ ರಕ್ತ, ಸೊರಗುವ ಲಿವರ್

1793ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಅಬರ್ನೆಥಿ ಒಂದು ವಿಚಿತ್ರ ಸಂಗತಿ ಬರೆದಿಟ್ಟರು. ತೀರಿಹೋಗಿದ್ದ ಹತ್ತು ತಿಂಗಳ ಹೆಣ್ಣುಮಗುವಿನ ಹೊಟ್ಟೆಯೊಳಗೆ, ಕರುಳಿನಿಂದ ಲಿವರ್‌ಗೆ ಹೋಗಬೇಕಾದ ರಕ್ತನಾಳ ಅಲ್ಲಿಗೆ ಹೋಗಿರಲೇ ಇಲ್ಲ. ಹೃದಯದತ್ತ ಸಾಗುವ ದೊಡ್ಡ ರಕ್ತನಾಳಕ್ಕೆ ಸೀದಾ ಸೇರಿಕೊಂಡಿತ್ತು.

ಆ ತಪ್ಪಿದ ನಾಳದ ಹೆಸರು ಪೋರ್ಟಲ್ ವೇನ್. ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಇದರಿಂದಲೇ. ಉಂಡ ಅನ್ನದ ಸಾರ, ಮೇದೋಜೀರಕ ಗ್ರಂಥಿಯ ಇನ್ಸುಲಿನ್, ಕರುಳಿನ ಬ್ಯಾಕ್ಟೀರಿಯಾ ಹುಟ್ಟಿಸುವ ಅಮೋನಿಯಾ, ಎಲ್ಲವೂ ಇದರಲ್ಲೇ ಬರುತ್ತವೆ. ಲಿವರ್ ಅಮೋನಿಯಾವನ್ನು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿ ಹೊರಟುಹೋಗುತ್ತದೆ.

ತಾಯಿಯ ಹೊಟ್ಟೆಯಲ್ಲಿರುವಾಗ ಎಲ್ಲ ಮಕ್ಕಳಿಗೂ ಲಿವರ್ ತಪ್ಪಿಸಿ ರಕ್ತ ಸಾಗಿಸುವ ಒಂದು ಪುಟ್ಟ ನಾಳ ಇರುತ್ತದೆ. ಹುಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮುಚ್ಚುವುದಿಲ್ಲ. ಇನ್ನು ಕೆಲವರಲ್ಲಿ ಭ್ರೂಣದ ಮೊದಲ ವಾರಗಳಲ್ಲೇ ನಾಳಗಳ ಜೋಡಣೆ ತಪ್ಪಿರುತ್ತದೆ.

ಆಗ ಪಾಪ, ಲಿವರ್ ಸೊರಗುತ್ತದೆ. ಬೆಳೆಸುವ ರಕ್ತವೇ ಸಿಗದೆ ಚಿಕ್ಕದಾಗಿ ಉಳಿಯುತ್ತದೆ. ಒಳಗೆ ಗಂಟುಗಳು ಏಳಬಹುದು. ಹೆಚ್ಚಿನವು ನಿರಪಾಯ, ಅಪರೂಪಕ್ಕೆ ಕ್ಯಾನ್ಸರ್ ಆಗುವುದೂ ಉಂಟು. ಅತ್ತ ಅಮೋನಿಯಾ ಮೆದುಳು ಮುಟ್ಟುತ್ತದೆ. ಮಗುವಿಗೆ ಗಮನ ನಿಲ್ಲುವುದಿಲ್ಲ, ಹಗಲಲ್ಲೇ ತೂಕಡಿಕೆ, ಓದು ಹಿಂದೆ ಬೀಳುತ್ತದೆ. ಸೋಮಾರಿ ಅಂತ ಬೈಸಿಕೊಳ್ಳುವ ಮಗುವಿನ ತೊಂದರೆ ಹೊಟ್ಟೆಯೊಳಗಿನ ಒಂದು ನಾಳದಲ್ಲಿದೆ ಅಂತ ಯಾರಿಗೆ ತಾನೇ ಹೊಳೆಯುತ್ತದೆ? ಶ್ವಾಸಕೋಶಕ್ಕೂ ಪೆಟ್ಟು ಬಿದ್ದು ಏದುಸಿರು ಬರಬಹುದು. ಇಷ್ಟೆಲ್ಲ ಆಗುತ್ತಿದ್ದರೂ ಮಾಮೂಲಿ ಲಿವರ್ ಟೆಸ್ಟ್ ಹೆಚ್ಚುಕಮ್ಮಿ ಸರಿಯಾಗಿಯೇ ಇರಬಹುದು. ನನಗೆ ಜಾಸ್ತಿ ಆತಂಕ ತರುವುದು ಇದೇ.

ಸುಳಿವುಗಳಿವೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಗ್ಯಾಲಕ್ಟೋಸ್ ಸಕ್ಕರೆ ಜಾಸ್ತಿಯಿದ್ದು, ಅದನ್ನು ಕರಗಿಸುವ ಕಿಣ್ವಗಳೆಲ್ಲ ಸರಿಯಿದ್ದರೆ ಈ ಅಡ್ಡದಾರಿಯನ್ನು ಹುಡುಕಬೇಕು. ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಅಂತ ಬಣ್ಣದಲ್ಲೇ ಕಾಣುತ್ತದೆ.

ಲಿವರ್ ಒಳಗಿನ ಕೆಲವು ಅಡ್ಡದಾರಿಗಳು ಮೊದಲೆರಡು ವರ್ಷದಲ್ಲಿ ತಾವಾಗಿಯೇ ಮುಚ್ಚುತ್ತವೆ. ಉಳಿದವನ್ನು ವೈದ್ಯರು ಮುಚ್ಚುತ್ತಾರೆ. ಕುತ್ತಿಗೆ ಅಥವಾ ತೊಡೆಸಂದಿಯ ನಾಳದಿಂದ ತೆಳು ಕೊಳವೆ ತೂರಿಸಿ, ಮೊದಲು ಬಲೂನು ಉಬ್ಬಿಸಿ ದಾರಿ ತಡೆದು ಒತ್ತಡ ಅಳೆಯುತ್ತಾರೆ. ಒತ್ತಡ ವಿಪರೀತ ಏರಿದರೆ ಹಂತಹಂತವಾಗಿ ಮುಚ್ಚಬೇಕು. ಇಲ್ಲದಿದ್ದರೆ ಅಲ್ಲೇ ಬಿರಡೆ ಕೂರಿಸುತ್ತಾರೆ. ಕೆಲವರಿಗೆ ಆಪರೇಷನ್, ತೀರ ಕೆಲವರಿಗೆ ಲಿವರ್ ಕಸಿಯೂ ಬೇಕಾಗುತ್ತದೆ.

ಬಲೂನು ಉಬ್ಬಿಸಿ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಒಮ್ಮೊಮ್ಮೆ, ಇಲ್ಲವೇ ಇಲ್ಲ ಅಂದುಕೊಂಡಿದ್ದ ಪೋರ್ಟಲ್ ಕವಲುಗಳು ಕೂದಲೆಳೆಯಂತೆ ಮೂಡುತ್ತವೆ. ದಾರಿ ಮುಚ್ಚಿದ ಮೇಲೆ ಅವಕ್ಕೆ ರಕ್ತ ತುಂಬುತ್ತದೆ. ತಿಂಗಳುಗಳು ಕಳೆದಂತೆ ಅವು ದಪ್ಪಗಾಗುತ್ತವೆ, ಲಿವರ್ ಬೆಳೆಯತೊಡಗುತ್ತದೆ.