ಎಂ, ಝಡ್ ಎಂಬ ಎರಡಕ್ಷರಗಳ ಹಿಂದಿನ ಕಥೆ

ವಿಂಡೋಸ್‌ನ ಯಾವುದೇ ಎಕ್ಸ್‌ಇ ಫೈಲನ್ನು, ಅಂದರೆ ಪ್ರೋಗ್ರಾಮಿನ ಫೈಲನ್ನು, ಅದರ ಬೈಟ್‌ಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದರೆ ಮೊದಲು ಕಾಣುವುದು ‘ಎಂ’, ‘ಝಡ್’ ಎಂಬ ಎರಡು ಅಕ್ಷರಗಳು. ಮೈಕ್ರೋಸಾಫ್ಟ್‌ನ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳವು. ಅಂಥ ಗುರುತಿನ ಅಗತ್ಯವೇ ಇಲ್ಲದಿದ್ದ ಕಾಲವೂ ಒಂದಿತ್ತು.

1975ರ ಆಲ್ಟೇರ್ 8800 ಎಂಬ ಕಂಪ್ಯೂಟರಿನ ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ ಪ್ರೋಗ್ರಾಮನ್ನು ಒಂದೊಂದೇ ಬೈಟ್‌ನಂತೆ ಮೆಮೊರಿಗೆ ತುಂಬಬೇಕಾಗಿತ್ತು. ಫ್ಲಾಪಿಯಿಂದ ಪ್ರೋಗ್ರಾಮನ್ನು ಹೆಸರಿನಿಂದಲೇ ಕರೆಯುವ ಅನುಕೂಲವನ್ನು ಇಂಟೆಲ್ 8080 ಪ್ರೊಸೆಸರಿನ ಯಂತ್ರಗಳಿಗೆ ತಂದದ್ದು ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ಎಂಬ ಕಾರ್ಯಾಚರಣಾ ವ್ಯವಸ್ಥೆ. ಅದರ ‘ಕಾಮ್’ ಎಂಬ ಪ್ರೋಗ್ರಾಮು ಫೈಲಿಗೆ ತಲೆಬರಹವಾಗಲಿ (ಫೈಲಿನ ಆರಂಭದಲ್ಲಿ ಬರುವ ವಿವರಗಳು) ಕೋಷ್ಟಕವಾಗಲಿ ಇರಲಿಲ್ಲ. ಫ್ಲಾಪಿಯಲ್ಲಿದ್ದ ಬೈಟ್‌ಗಳು ಹಾಗೆಹಾಗೆಯೇ 256ನೆಯ ವಿಳಾಸದಿಂದ ಮೆಮೊರಿಗೆ ಇಳಿಯುತ್ತಿದ್ದವು, ಮೊದಲ ಬೈಟ್‌ನಿಂದಲೇ ಕೆಲಸ ಶುರುವಾಗುತ್ತಿತ್ತು. ಅದಕ್ಕಿಂತ ಕೆಳಗಿನ 256 ಬೈಟ್‌ಗಳು ವ್ಯವಸ್ಥೆಗೆ ಮೀಸಲು: ಸೊನ್ನೆಯ ವಿಳಾಸದಲ್ಲಿ ಪ್ರೋಗ್ರಾಮು ಮುಗಿದ ಮೇಲೆ ವ್ಯವಸ್ಥೆಗೆ ಮರಳುವ ದಾರಿ, 5ರಲ್ಲಿ ವ್ಯವಸ್ಥೆಯ ಸೇವೆಗಳ ಬಾಗಿಲು, 128ರಿಂದ ಬಳಕೆದಾರರು ಆಜ್ಞೆಯ ಜೊತೆ ಟೈಪಿಸಿದ ಉಳಿದ ಮಾತು. ಎಲ್ಲ ಪ್ರೋಗ್ರಾಮುಗಳೂ ಒಂದೇ ಜಾಗದಲ್ಲಿ ಇಳಿಯುತ್ತಿದ್ದುದರಿಂದ ಅವುಗಳೊಳಗಿನ ವಿಳಾಸಗಳನ್ನು ತಿದ್ದುವ ಪ್ರಮೇಯವೇ ಇರಲಿಲ್ಲ. ಇಷ್ಟು ಸರಳವಾದ, ಇಷ್ಟು ಸಾಕಾದ ವಿನ್ಯಾಸ ನನ್ನ ಮಟ್ಟಿಗೆ ಇಂದಿಗೂ ಮೆಚ್ಚುಗೆಯ ವಿಷಯ.

1978ರಲ್ಲಿ ಬಂದ ಇಂಟೆಲ್‌ನ 8086 ಪ್ರೊಸೆಸರ್ ಹತ್ತು ಲಕ್ಷಕ್ಕೂ ಹೆಚ್ಚು ಬೈಟ್‌ಗಳನ್ನು ತಲುಪಬಲ್ಲದಾಗಿದ್ದರೂ ಅವುಗಳನ್ನು 64 ಕಿಲೋಬೈಟ್‌ಗಳ ಸೆಗ್ಮೆಂಟು ಎಂಬ ತುಂಡುಗಳ ಮೂಲಕವೇ ನೋಡುತ್ತಿತ್ತು. 8080ರ ಪ್ರೋಗ್ರಾಮುಗಳನ್ನು ಸುಲಭವಾಗಿ ಇದಕ್ಕೆ ಪರಿವರ್ತಿಸುವಂತಾಗಲೆಂದು ಟಿಮ್ ಪ್ಯಾಟರ್ಸನ್ ತಮ್ಮ 86-ಡಾಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಆ 256 ಬೈಟ್‌ಗಳ ಏರ್ಪಾಡನ್ನು ಉಳಿಸಿಕೊಂಡರು. ಆ 86-ಡಾಸ್ ಮುಂದೆ ಮೈಕ್ರೋಸಾಫ್ಟ್‌ನ ಎಂಎಸ್-ಡಾಸ್ ಆಯಿತು. ಯಾವ ಸೆಗ್ಮೆಂಟ್ ಸಿಕ್ಕರೂ ಅದರೊಳಗೆ 256ನೆಯ ಸ್ಥಾನದಲ್ಲೇ ನಿಲ್ಲುವ ಕಾಮ್ ಫೈಲಿಗೆ ಹೊಸ ಯಂತ್ರದಲ್ಲೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಒಂದು ಸೆಗ್ಮೆಂಟಿನಲ್ಲಿ ಹಿಡಿಸದ ದೊಡ್ಡ ಪ್ರೋಗ್ರಾಮುಗಳಿಗೆ. ಅವು ಒಂದು ಸೆಗ್ಮೆಂಟಿನಿಂದ ಇನ್ನೊಂದಕ್ಕೆ ಹೋಗಲು ಅದರ ಸಂಖ್ಯೆ ತಿಳಿದಿರಬೇಕು. ಆದರೆ ಪ್ರೋಗ್ರಾಮು ಮೆಮೊರಿಯಲ್ಲಿ ಎಲ್ಲಿ ಇಳಿಯುವುದೆಂದು ಮೊದಲೇ ಹೇಳುವಂತಿರಲಿಲ್ಲ. ಎಕ್ಸ್‌ಇ ಫೈಲಿನ ತಲೆಬರಹ ಹುಟ್ಟಿದ್ದು ಈ ಇಕ್ಕಟ್ಟಿನಿಂದ: ಎಲ್ಲೆಲ್ಲಿ ಸೆಗ್ಮೆಂಟ್ ಸಂಖ್ಯೆಗಳಿವೆ ಎಂಬ ಪಟ್ಟಿ ಅದರಲ್ಲಿರುತ್ತದೆ, ಡಾಸ್ ತಾನು ಕೊಟ್ಟ ಜಾಗದ ಸೆಗ್ಮೆಂಟ್ ಸಂಖ್ಯೆಯನ್ನು ಅವುಗಳಲ್ಲಿ ಪ್ರತಿಯೊಂದಕ್ಕೂ ಕೂಡಿಸುತ್ತದೆ. ಕಾಮ್, ಎಕ್ಸ್‌ಇ ಎಂಬ ಎರಡು ಬಗೆಗಳನ್ನು ಬೇರ್ಪಡಿಸಲು ಡಾಸ್ ನಂಬಿದ್ದು ಫೈಲಿನ ಹೆಸರನ್ನಲ್ಲ, ತಲೆಬರಹದ ಮೊದಲಿಗಿರುವ ‘ಎಂ’, ‘ಝಡ್’ ಎಂಬ ಆ ಎರಡಕ್ಷರಗಳನ್ನು.

1993ರ ವಿಂಡೋಸ್ ಎನ್‌ಟಿಯೊಂದಿಗೆ ಬಂದ, ಎಕ್ಸ್‌ಇ ಫೈಲಿನ ಹೊಸ ರೂಪವಾದ ಪಿಇ ವಿನ್ಯಾಸವೂ ಅದೇ ಅಕ್ಷರಗಳಿಂದ ಆರಂಭವಾಗುತ್ತದೆ. ಅವುಗಳ ನಂತರ ಸಾಮಾನ್ಯವಾಗಿ ‘ಈ ಪ್ರೋಗ್ರಾಮು ಡಾಸ್‌ನಲ್ಲಿ ನಡೆಯದು’ ಎಂದು ತಿಳಿಸುವ ಪುಟ್ಟ ಡಾಸ್ ಪ್ರೋಗ್ರಾಮೊಂದು ಇರುತ್ತದೆ. ಡಾಸ್ ಪ್ರೋಗ್ರಾಮುಗಳನ್ನೇ ನಡೆಸದ 64 ಬಿಟ್ ವಿಂಡೋಸ್‌ನ ಫೈಲುಗಳಲ್ಲೂ ಅದು ಇದೆ.