ದಾರಂದದ ಮರ ಪೆನ್ನಾಗುವ ಮೊದಲು

ಒಂದು ಪೆನ್ನಿಗೆ ಬೇಕಾಗುವ ಮರ ಬಹಳ ಕಡಿಮೆ. ಐದು ಇಂಚು ಉದ್ದ, ಮುಕ್ಕಾಲು ಇಂಚು ಚೌಕದ ತುಂಡೊಂದಿದ್ದರೆ ಸಾಕು. ಅದರ ನಡುವೆ ಹಿತ್ತಾಳೆಯ ಕೊಳವೆ ಕೂರಲು ರಂಧ್ರ ಕೊರೆದು, ಲೇತಿನ ಮೇಲೆ ಹೊರಮೈಯನ್ನು ಕಡೆದು ಮುಗಿಸುವಷ್ಟರಲ್ಲಿ ಉಳಿಯುವುದು ಒಂದೆರಡು ಮಿಲಿಮೀಟರ್ ದಪ್ಪದ ಪದರ. ಕುರ್ಚಿಯ ಕಾಲಿಗೂ ಒದಗದೆ ಒಲೆ ಸೇರಬೇಕಿದ್ದ ಚೂರಿಗೂ ಇಲ್ಲಿ ಜಾಗವಿರುವುದು ಇದರಿಂದಲೇ. ಹಾಗಾಗಿ ಜನರು ಪೆನ್ನು ಕಡೆಯುವ ನನ್ನ ಬಳಿಗೆ ಬಿಚ್ಚಿದ ಮನೆಯ ದಾರಂದ (ಬಾಗಿಲ ಚೌಕಟ್ಟು), ಅಪ್ಪ ನೆಟ್ಟ ಹಲಸಿನ ಕೊಂಬೆ, ತೋಟದಿಂದ ಕಿತ್ತ ಕಾಫಿ ಗಿಡದ ಬುಡ ಎಲ್ಲವನ್ನೂ ತರುತ್ತಾರೆ.

ಅವರೆಲ್ಲರಿಗೂ ಮೊದಲೇ ಒಂದು ವಿಷಯ ಹೇಳುತ್ತೇನೆ. ಪೆನ್ನಾದ ಮೇಲೆ ಆ ಮರ ಯಾರ ಮನೆಯಿಂದ ಬಂತೆಂದು ಯಾವ ಪ್ರಯೋಗಾಲಯವೂ ಹೇಳಲಾರದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತಜ್ಞರು ಮರದ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿಯನ್ನು ಗುರುತಿಸಬಲ್ಲರು. ಅದು ಯಾರ ಮನೆಯ ತೊಲೆಯಾಗಿತ್ತು ಎಂಬುದಕ್ಕೆ ಮನೆಯವರ ಮಾತೊಂದೇ ಆಧಾರ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ವಿಕ್ಟರಿ ಎಂಬ ಯುದ್ಧನೌಕೆಯಿದೆ. 1765ರಲ್ಲಿ ನೀರಿಗಿಳಿದು, 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್‌ನನ್ನು ಹೊತ್ತಿದ್ದ ಹಡಗು ಅದು. ಅದರ ದುರಸ್ತಿಯಲ್ಲಿ ತೆಗೆದ ಓಕ್ ಮರದ ಪೆನ್ನುಗಳು ಪ್ರಮಾಣಪತ್ರದೊಂದಿಗೆ ಮಾರಾಟವಾಗುತ್ತವೆ. ನಮ್ಮ ತೊಟ್ಟಿಮನೆಗಳಿಗೆ ಅಂಥ ಪತ್ರ ಕೊಡುವವರಿಲ್ಲ. ಅದನ್ನು ಮರ ಕೊಡುವವರೇ ಬರೆಯಬೇಕು, ಅದೂ ಗರಗಸ ತಾಗುವ ಮೊದಲು.

ಹಳೆಯ ಮನೆಯ ಮರ ತರುವವರಲ್ಲಿ ಬಹುಮಂದಿ ಅದನ್ನು ಬೀಟೆ ಎಂದೇ ನಂಬಿರುತ್ತಾರೆ. ಹೊಗೆ, ಎಣ್ಣೆ, ಕೈಯ ಬೆವರು ಕುಡಿದ ಯಾವ ಮರವಾದರೂ ಮೇಲ್ಮೈಯಲ್ಲಿ ಕಪ್ಪಾಗಿಯೇ ಕಾಣುತ್ತದೆ. ತುದಿಯನ್ನು ಸ್ವಲ್ಪ ಕೊಯ್ದರೆ ಒಳಗಿನ ಚೇಗು, ಅಂದರೆ ಮರದ ಗಟ್ಟಿ ಒಳಭಾಗ, ನಿಜ ಹೇಳುತ್ತದೆ. ಮಲೆನಾಡಿನ ಮನೆಗಳಲ್ಲಿ ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು ಧಾರಾಳವಾಗಿ ಬಳಕೆಯಾಗಿವೆ. ಹೊನ್ನೆಯನ್ನು ಗುರುತಿಸಲು ಸುಲಭದ ದಾರಿಯೊಂದಿದೆ. ಅದರ ಹೊಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿಟ್ಟರೆ ನೀರು ಹೊಂಬಣ್ಣಕ್ಕೆ ತಿರುಗುತ್ತದೆ, ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಲೋಟಗಳೂ ಇದೇ ಮರದವು. ಬೀಟೆಯಲ್ಲ, ಹೊನ್ನೆ ಎಂದಾಗ ಕೆಲವರ ಮುಖ ಸಪ್ಪಗಾಗುತ್ತದೆ. ಹಾಗಾಗಬೇಕಿಲ್ಲ. ಪಕ್ಕದ ಕಾಡಿನಲ್ಲಿ ಸಿಗುತ್ತಿದ್ದ, ಗೆದ್ದಲಿಗೆ ಸುಲಭವಾಗಿ ಬಗ್ಗದ ಮರವನ್ನು ಆ ಕಾಲದ ಆಚಾರಿ ಯೋಚಿಸಿಯೇ ಆರಿಸಿದ್ದಾನೆ. ಆ ಮನೆಯ ನಿಜವಾದ ಮರ ಅದೇ, ಅದನ್ನು ಬೀಟೆಯೆಂದು ಬರೆದುಕೊಡಲು ನಾನು ಒಪ್ಪುವುದಿಲ್ಲ.

ಗಟ್ಟಿಯಾಗಿರುವ, ಇನ್ನೂ ಬಳಸಬಹುದಾದ ವಸ್ತುವನ್ನು ಪೆನ್ನಿಗಾಗಿ ಕೊಯ್ಯಲೂ ನನ್ನ ಒಪ್ಪಿಗೆಯಿಲ್ಲ. ಮೂರು ತಲೆಮಾರು ತೂಗಿದ ತೊಟ್ಟಿಲು ನಾಲ್ಕನೆಯ ತಲೆಮಾರನ್ನೂ ತೂಗಲಿ. ಮುರಿದ ಕಾಲು, ಗೆದ್ದಲು ತಿಂದ ಹಲಗೆ, ಗೋಡೆಯೊಳಗೆ ಹೂತಿದ್ದ ದಾರಂದದ ತುದಿ, ಇವು ಬರಲಿ. ಹೂತಿದ್ದ ತುದಿ ಅನೇಕ ವೇಳೆ ಪೊಳ್ಳಾಗಿರುತ್ತದೆ. ಅಂಥದ್ದನ್ನು ಪೂರ್ತಿ ಒಣಗಿಸಿ, ನಿರ್ವಾತದಲ್ಲಿ ತೆಳುವಾದ ರಾಳ ಕುಡಿಸಿ, ಓವನ್ನಿನಲ್ಲಿ ಗಟ್ಟಿಮಾಡಿದರೆ ಉಳಿಗೆ ನಿಲ್ಲುತ್ತದೆ. ಮೊಳೆಗಳಿವೆಯೇ ಎಂದು ಅಯಸ್ಕಾಂತ ಹಿಡಿದು ನೋಡುವುದು ಮೊದಲ ಕೆಲಸ. ಮೊಳೆಯ ಸುತ್ತ ಕಬ್ಬಿಣವೂ ಮರದ ಒಗರೂ ಬೆರೆತು ಕಡುಗಪ್ಪು ಕಲೆ ಆಗಿರುತ್ತದೆ. ಹೊಸ ಮರದಲ್ಲಿ ದೋಷ ಎನ್ನಿಸಿಕೊಳ್ಳುವ ಆ ಕಲೆಯನ್ನು ನಾನು ಬೇಕೆಂದೇ ಪೆನ್ನಿನ ಮೈಮೇಲೆ ಬರುವಂತೆ ಕೊಯ್ಯುತ್ತೇನೆ. ಆ ತುಂಡಿಗೆ ಒಬ್ಬ ಮನುಷ್ಯ ಮೊಳೆ ಹೊಡೆದದ್ದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ನನಗೆ ಹೆಚ್ಚು ಪ್ರಿಯವಾದದ್ದು ಕಾಫಿ ಮರ. ಕೊಡಗು, ಚಿಕ್ಕಮಗಳೂರು, ಹಾಸನದ ಅರೇಬಿಕಾ ತೋಟದವರಿಗೆ ಬಿಳಿ ಕಾಂಡಕೊರಕದ ಕಾಟ ಹೊಸತಲ್ಲ. ದುಂಬಿ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಕಾಂಡದ ಮೇಲೆ ಉಬ್ಬುಗೆರೆಗಳು ಮೂಡಿ ಎಲೆ ಹಳದಿಯಾಗುತ್ತದೆ. ದುಂಬಿಗಳು ಹೊರಬಂದು ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಈ ಕೊರಕ ಹಿಡಿದ ಗಿಡಗಳನ್ನು ಹುಡುಕಿ, ಬುಡಸಮೇತ ಕಿತ್ತು ಸುಡುತ್ತಾರೆ. ಅಜ್ಜ ನೆಟ್ಟ ಗಿಡವನ್ನು ಮೊಮ್ಮಗ ಕಿತ್ತು ಬೆಂಕಿಗೆ ಹಾಕಬೇಕಾದ ಸಂಕಟ ಅದು. ಆ ರಾಶಿಯಿಂದ ಒಂದೆರಡು ಬುಡ ಉಳಿಸಿಕೊಳ್ಳಲು ಕೇಳುವವರಿಗೆ ನನ್ನ ಉತ್ತರ: ಉಳಿಸಿ, ಆದರೆ ಹಸಿಯಾಗಿ ತೋಟದ ಹೊರಗೆ ತರಬೇಡಿ. ಕಿತ್ತ ಕಾಂಡದೊಳಗೂ ಹುಳು ಬದುಕಿದ್ದು, ದುಂಬಿಯಾಗಿ ಹೊರಬಂದು ನೆರೆಯವರ ತೋಟಕ್ಕೆ ಹಾರಬಲ್ಲದು. ತೋಟದಲ್ಲೇ ವಾರಕ್ಕೂ ಹೆಚ್ಚು ಕಾಲ ನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು. ನನ್ನ ಕೈಸೇರಿದ ಮೇಲೆ ಮತ್ತೆ ಬಿಸಿ ಕೊಡುತ್ತೇನೆ. ಮರದ ಪೆಟ್ಟಿಗೆಗಳ ರಫ್ತಿಗೆ ಇರುವ ಅಂತರರಾಷ್ಟ್ರೀಯ ನಿಯಮದಂತೆ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಬೇಕು. ನಾನೂ ಅದನ್ನೇ ಪಾಲಿಸುತ್ತೇನೆ.

ಕಾಫಿ ಮರ ಒತ್ತಾದದ್ದು, ತಿಳಿಬಣ್ಣದ್ದು, ಉಪ್ಪುಕಾಗದ ಹಿಡಿದರೆ ನುಣುಪಾಗಿ ಹೊಳೆಯುತ್ತದೆ. ಹುಳು ಕೊರೆದ ಸುರಂಗದಲ್ಲಿ ಹೊಟ್ಟು ಬಿಗಿಯಾಗಿ ತುಂಬಿರುತ್ತದೆ. ಅದನ್ನು ಕೆರೆದು ಬಣ್ಣದ ರಾಳ ತುಂಬಿದರೆ, ಗಿಡವನ್ನು ಕೊಂದ ದಾರಿಯೇ ಪೆನ್ನಿನ ಮೇಲೆ ಗೆರೆಯಾಗಿ ನಿಲ್ಲುತ್ತದೆ. ಕಾಂಡದ ನಡುವಿನ ತಿರುಳನ್ನು ಬಿಟ್ಟು ಕೊಯ್ಯಬೇಕು, ಇಲ್ಲದಿದ್ದರೆ ಸೀಳುವುದು ಖಂಡಿತ.

ಹಸಿ ಮರಗಳೆಲ್ಲಕ್ಕೂ ತಾಳ್ಮೆ ಬೇಕು. ಕೊಯ್ದ ದಿನವೇ ಎರಡೂ ತುದಿಗೆ ಮೇಣ ಬಳಿದು, ನೆರಳಿನಲ್ಲಿಟ್ಟು, ಆಗಾಗ ತೂಗಿ ನೋಡಿ. ತೂಕ ಇಳಿಯುವುದು ನಿಂತಾಗ ಅದು ಒಣಗಿದೆ ಎಂದರ್ಥ. ಹಲಸಿನ ಮರ ತರುವವರಿಗೆ ಇನ್ನೊಂದು ಮಾತು: ಹೊಸದರಲ್ಲಿ ಅರಿಸಿನದಂತಿರುವ ಅದರ ಬಣ್ಣ ಬೆಳಕಿಗೆ ನಿಧಾನವಾಗಿ ಕಂದಾಗುತ್ತದೆ, ಯಾವ ಮೆರುಗೂ ಅದನ್ನು ತಡೆಯಲಾರದು. ಹಳೆಯ ವೀಣೆಗಳ ಕೊಡವನ್ನು ನೋಡಿದವರಿಗೆ ಆ ಕಂದು ಎಷ್ಟು ಚೆಂದವೆಂಬುದು ಗೊತ್ತಿರುತ್ತದೆ.

ಕೆಲವು ಮರಗಳನ್ನು ಯಾರು ತಂದರೂ ಕಾಗದ ನೋಡದೆ ಮುಟ್ಟುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ಜಮೀನಿನಲ್ಲಿರುವ ಶ್ರೀಗಂಧಕ್ಕೆ ಜಮೀನಿನವರೇ ಒಡೆಯರಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಿತ್ತಲಿನ ಬೇರೆ ಮರಗಳಲ್ಲೂ ಹೆಚ್ಚಿನವು 1976ರ ವೃಕ್ಷ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತವೆ. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಗಾಳಿಮಳೆಗೆ ರಸ್ತೆಬದಿಯಲ್ಲಿ ಬಿದ್ದ ಮರವೂ ಬಿದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ. ಕೊಡಗಿನ ದೇವರಕಾಡುಗಳಿಂದ ಮತ್ತು ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿನಿಂದ ಒಣಗಿಬಿದ್ದ ಕೊಂಬೆಯನ್ನು ತಂದರೂ ವಾಪಸು ಕಳಿಸುತ್ತೇನೆ. ನಲ್ಲೂರಿನ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿ ಬಿದ್ದ ಮರವೂ ಆ ತಾಣಕ್ಕೇ ಸೇರಿದ್ದು.

ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವವರು ಬೀಟೆಯ ವಿಚಾರದಲ್ಲಿ ಎಚ್ಚರವಾಗಿರಬೇಕು. ಬೀಟೆ ಸೇರಿದಂತೆ ಹೆಚ್ಚುಕಡಿಮೆ ಇಡೀ ಡಾಲ್ಬರ್ಜಿಯಾ ಕುಲ 2017ರ ಜನವರಿಯಿಂದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಅಂದರೆ ಗಡಿ ದಾಟಲು ಪರವಾನಗಿ ಬೇಕು. ಒಂದು ಸರಕಿನಲ್ಲಿ ಮರದ ತೂಕ ಹತ್ತು ಕಿಲೋ ಮೀರದ ಸಿದ್ಧವಸ್ತುಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕಡೆದು ಮುಗಿಸಿದ ಪೆನ್ನು ಅದರಡಿ ಬರುತ್ತದೆ, ಕಚ್ಚಾ ತುಂಡು ಬರುವುದಿಲ್ಲ.

ಮರ ನನ್ನಲ್ಲಿಗೆ ಬಂದ ದಿನ ಅದರ ಮೇಲೆಯೇ ಪೆನ್ಸಿಲ್ಲಿನಿಂದ ಸಂಖ್ಯೆ ಬರೆದು, ಕೊಯ್ಯುವ ಮುನ್ನ ಇಡೀ ತುಂಡಿನ ಫೋಟೊ ತೆಗೆಯುತ್ತೇನೆ. ಪೆನ್ನಿನ ಜೊತೆ ಕೊಡುವ ಚೀಟಿಯಲ್ಲಿ ಎರಡು ಭಾಗಗಳಿರುತ್ತವೆ. ಮರದ ಜಾತಿ, ಯಾವ ಭಾಗದಿಂದ ಕೊಯ್ದದ್ದು, ಮೊಳೆಯ ಗುರುತು, ಹುಳುವಿನ ಗುರುತು ಇವೆಲ್ಲ ನಾನು ಕಂಡದ್ದು. ಯಾರ ಮನೆ, ಯಾವ ಊರು, ಯಾರು ನೆಟ್ಟದ್ದು ಎಂಬುದು ಕೇಳಿದ್ದು. ಅದರ ಕೆಳಗೆ ಹೇಳಿದವರೇ ಸಹಿ ಹಾಕಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರಿಂದಲೇ ಬರೆಸಿಕೊಂಡು ಬನ್ನಿ. ಮರಕ್ಕೆ ಎಣ್ಣೆ ಹಚ್ಚಬೇಡಿ, ತೊಳೆಯಬೇಡಿ, ಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚೇ ತನ್ನಿ. ಉಳಿದ ತುಂಡನ್ನು ಅದೇ ಸಂಖ್ಯೆಯೊಂದಿಗೆ ಹಿಂದಿರುಗಿಸುತ್ತೇನೆ.