ಮಾತಾಡುವ ಎಐಗೆ ಗಾಲಿ ಕಟ್ಟುವುದು: ಅಧ್ಯಯನ ಟಿಪ್ಪಣಿ

ಮಾತು ಕೇಳಿ ಮನೆಯೊಳಗೆ ಓಡಾಡುವ, ಎಐ ಜೊತೆ ಮಾತಾಡಿಸುವ ಪುಟ್ಟ ರೋಬೋ ಗಾಡಿ ಕಟ್ಟುವುದು ಹೇಗೆ ಎಂಬುದು ಇಲ್ಲಿನ ವಿಷಯ. ಮೊದಲು ಒಂದು ಲೆಕ್ಕ. ಹಳದಿ ಬಣ್ಣದ ಟಿಟಿ ಗೇರ್ ಮೋಟಾರ್ 6 ವೋಲ್ಟಿನಲ್ಲಿ, ಭಾರವಿಲ್ಲದಾಗ, ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ. ಗಾಲಿಯ ವ್ಯಾಸ 65 ಮಿ.ಮೀ., ಅಂದರೆ ಒಂದು ಸುತ್ತಿಗೆ 20 ಸೆಂ.ಮೀ.ಗಿಂತ ತುಸು ಹೆಚ್ಚು. ಸೆಕೆಂಡಿಗೆ 68 ಸೆಂ.ಮೀ. ಆಯಿತು; ಬ್ಯಾಟರಿ, ಬೋರ್ಡು ಹೊತ್ತ ಮೇಲೆ 50 ಎಂದಿಟ್ಟುಕೊಳ್ಳಿ. ನಿಮ್ಮ ಮಾತು ಇಂಟರ್ನೆಟ್ಟಿನಲ್ಲಿರುವ ಎಐಗೆ ಹೋಗಿ ಉತ್ತರ ಬರಲು 3 ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಗಾಡಿ ಒಂದೂವರೆ ಮೀಟರ್ ದಾಟಿರುತ್ತದೆ. ಪಡಸಾಲೆಯಿಂದ ಮೆಟ್ಟಿಲಿಗೆ ಉರುಳಲು ಅಷ್ಟು ಸಾಕು. ಹಾಗಾಗಿ ನಿಲ್ಲಿಸುವ ಕೆಲಸವನ್ನು ಎಐ ಕೈಗೆ ಕೊಡುವಂತಿಲ್ಲ.

ಕೆಲಸ ಎರಡು ಪಾಲು. ಮೈಕು, ಸ್ಪೀಕರ್, ಎಐ ಜೊತೆಗಿನ ಮಾತು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿನ ಪಾಲಿಗೆ. ಮೋಟಾರು, ಸೆನ್ಸರು ಅರ್ಡುಯಿನೋ ನ್ಯಾನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಪಾಲಿಗೆ. ನಡುವೆ ಯುಎಸ್‌ಬಿ ಕೇಬಲ್. ಎಐಗೆ ಐದೇ ಆಜ್ಞೆ ಕಲಿಸಿ: ಮುಂದೆ, ಹಿಂದೆ, ಎಡ, ಬಲ, ನಿಲ್ಲು, ಜೊತೆಗೆ ಒಂದು ಅಂಕಿ. ‘ಮುಂದೆ 30’ ಅಂದರೆ 30 ಸೆಂ.ಮೀ. 50 ಮೀರಿದ ಅಂಕಿಯನ್ನು ಪೈ 50ಕ್ಕೇ ಇಳಿಸಬೇಕು, ಪಟ್ಟಿಯಲ್ಲಿಲ್ಲದ ಮಾತನ್ನು ಬಿಸಾಡಬೇಕು. ಗಾಡಿ ಚಲಿಸುವಾಗ ಪೈ 200 ಮಿಲಿಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂಬ ಸಂಕೇತ ಕಳಿಸುತ್ತಿರಲಿ. 500 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ನ್ಯಾನೋ ತಾನೇ ಮೋಟಾರು ನಿಲ್ಲಿಸುತ್ತದೆ. ಎದುರಿಗೆ 25 ಸೆಂ.ಮೀ. ಒಳಗೆ ಏನಾದರೂ ಕಂಡರೆ ‘ಮುಂದೆ’ ಎಂಬುದನ್ನು ಅದು ಒಪ್ಪುವುದೇ ಇಲ್ಲ. 2022ರಲ್ಲಿ ಗೂಗಲ್ ಸಂಶೋಧಕರು ತೋರಿಸಿದ ‘ಸೇಕ್ಯಾನ್’ ಪದ್ಧತಿಯಲ್ಲೂ ಇಂಥದೇ ಹಂಚಿಕೆ: ಯಾವ ಕೆಲಸ ಉಪಯೋಗಕ್ಕೆ ಬರುತ್ತದೆಂದು ಭಾಷಾ ಮಾದರಿ ಹೇಳುತ್ತದೆ, ಈ ಹೊತ್ತಿನಲ್ಲಿ ಅದು ಆಗುತ್ತದೆಯೇ ಎಂಬುದನ್ನು ರೋಬೋ ಕಡೆಯ ಲೆಕ್ಕ ತೂಗುತ್ತದೆ.

ಸಣ್ಣದೊಂದು ತೊಡಕು: ನ್ಯಾನೋ ಜೊತೆ ಮಾತಾಡಲು ಪೈ ಸೀರಿಯಲ್ ಪೋರ್ಟ್ (ಆ ಯುಎಸ್‌ಬಿ ಸಂಪರ್ಕ) ತೆರೆದೊಡನೆ ನ್ಯಾನೋ ರೀಸೆಟ್ ಆಗುತ್ತದೆ. ಎರಡು ಸೆಕೆಂಡ್ ಕಾಯದೆ ಕಳಿಸಿದ ಮೊದಲ ಆಜ್ಞೆ ಕಳೆದುಹೋಗುತ್ತದೆ.

ಇನ್ನು ಮಾತು. ಇಂಗ್ಲಿಷಿನಲ್ಲಿರುವ ರೋಬೋ ಪಾಠಗಳಲ್ಲಿ ಸಿಗದ ತೊಂದರೆಗಳೆಲ್ಲ ಇಲ್ಲಿವೆ. ‘ಸರಿ’ ಎಂಬ ಪದವನ್ನೇ ನೋಡಿ. ‘ಹಿಂದ ಸರಿ’ ಎಂದರೆ ಗಾಡಿ ಸರಿಯಬೇಕು. ‘ಸರಿ ಬಿಡು’ ಎಂದರೆ ಕದಲಬಾರದು. ಪದ ಹುಡುಕುವ ಸುಲಭದ ಪ್ರೋಗ್ರಾಂ ಎರಡಕ್ಕೂ ಹಿಂದೆ ಓಡುತ್ತದೆ. ಇನ್ನೂ ಮಜಾ ಎಂದರೆ, ರೋಬೋ ತಾನೇ ‘ಸರಿ, ಬರ್ತೀನ್ರಿ’ ಎಂದದ್ದನ್ನು ತನ್ನ ಮೈಕಿನಲ್ಲಿ ಕೇಳಿ ಮತ್ತೆ ಸರಿಯುತ್ತದೆ. ಎರಡನೆಯದು, ಕನ್ನಡದಲ್ಲಿ ‘ಬೇಡ’ ಬರುವುದು ಕೊನೆಗೆ. ‘ಮುಂದ ಹೋಗ...’ ಎಂಬಷ್ಟು ಕೇಳಿಸಿದಾಗಲೇ ಗಾಲಿ ತಿರುಗಿಸಿದರೆ ‘...ಬ್ಯಾಡ’ ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಮಾತು ಮುಗಿದು 700 ಮಿಲಿಸೆಕೆಂಡ್ ಮೌನವಾಗುವ ತನಕ ಚಲನೆಯ ಆಜ್ಞೆ ಒಪ್ಪಬೇಡಿ. ನಿಲ್ಲಿಸುವ ಮಾತಿಗೆ ಮಾತ್ರ ಈ ಕಾಯುವಿಕೆ ಬೇಡ. ಅದು ಎಐ ತನಕ ಹೋಗದೆ ನೇರವಾಗಿ ಪೈಯಿಂದ ನ್ಯಾನೋಗೆ ಇಳಿಯಲಿ.

ಆದರೆ ಆ ಮಾತು ಯಾವುದು? ಕಲಬುರಗಿಯ ಮನೆಗಳಲ್ಲಿ ‘ನಿಲ್ಲು’ ಅನ್ನುವವರಿಗಿಂತ ‘ನಿಂದ್ರು’ ಅನ್ನುವವರು ಹೆಚ್ಚು, ನಡುವೆ ‘ರುಕೋ’ ಕೂಡ ಬರುತ್ತದೆ. ಮಾತನ್ನು ಬರಹ ಮಾಡುವ ಮಾದರಿ ‘ನಿಂದ್ರು’ ಎಂಬುದನ್ನು ‘ನಿಂದು’, ‘ನಿಂತರು’ ಎಂದೂ ಬರೆಯಬಹುದು. ಮನೆಯ ಪ್ರತಿಯೊಬ್ಬರಿಂದ 20 ಸಲ ಹೇಳಿಸಿ, ಅದು ಏನೇನು ಬರೆಯಿತೋ ಅಷ್ಟನ್ನೂ ನಿಲ್ಲುವ ಪಟ್ಟಿಗೆ ಸೇರಿಸಿ. ಸುಮ್ಮಸುಮ್ಮನೆ ನಿಂತರೆ ನಷ್ಟವೇನಿಲ್ಲ.

ಬೇಸಿಗೆಯಲ್ಲಿ ಕೂಲರ್ ಹಚ್ಚಿದರೆ ಮೌನವೆಂಬುದೇ ಇರುವುದಿಲ್ಲ. ಮಾತು ಮುಗಿದದ್ದು ಮೈಕಿಗೆ ತಿಳಿಯುವುದಿಲ್ಲ. ಕೂಲರ್ ಓಡುವಾಗಲೇ 2 ಸೆಕೆಂಡ್ ರೆಕಾರ್ಡ್ ಮಾಡಿ, ಆ ಮಟ್ಟಕ್ಕಿಂತ ಮೇಲಿನದನ್ನಷ್ಟೇ ಮಾತೆಂದು ಎಣಿಸಿ. ರೊಟ್ಟಿ ಬಡಿಯುವ ಸದ್ದು ಇದಕ್ಕೂ ಬಗ್ಗುವುದಿಲ್ಲ. ರೋಬೋ ಮಾತಾಡುವಾಗ ಮೈಕ್ ಮುಚ್ಚಿಡಬೇಕಾದ್ದರಿಂದ ಆಗ ‘ನಿಂದ್ರು’ ಕೂಡ ಕೇಳಿಸದು. ಮೋಟಾರಿನ ಬ್ಯಾಟರಿ ತಂತಿಯಲ್ಲಿ ಕೈಗೆ ಸಿಗುವಂತೆ ಒಂದು ಕೆಂಪು ಸ್ವಿಚ್ ಇರಲೇಬೇಕು.

ಕರೆಂಟಿನ ವಿಷಯ. 18650 ಎಂಬ ಲಿಥಿಯಂ-ಅಯಾನ್ ಸೆಲ್ ಎರಡನ್ನು ಸರಣಿಯಲ್ಲಿ ಜೋಡಿಸಿದರೆ 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4. 2500 ಎಂಎಎಚ್ ಸೆಲ್ಲಾದರೆ 18.5 ವ್ಯಾಟ್-ಅವರ್, ಒಂದೂವರೆ ಗಂಟೆಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಸೆಲ್ ಕಾಪಾಡುವ ಬಿಎಂಎಸ್ ಬೋರ್ಡಿಲ್ಲದೆ ಸೆಲ್ ಜೋಡಿಸಬೇಡಿ. ಹೊಸಬರು ಮಾಡುವ ದೊಡ್ಡ ತಪ್ಪು: ಮೋಟಾರು ನಡೆಸುವ ಎಲ್298ಎನ್ ಡ್ರೈವರ್ ಬೋರ್ಡಿನ ಮೇಲಿರುವ 5 ವೋಲ್ಟ್ ಪಿನ್ನಿಂದಲೇ ಪೈ ನಡೆಸುವುದು. ಅಲ್ಲಿನ 78ಎಂ05 ಚಿಪ್ಪಿನ ತಾಕತ್ತು ಅರ್ಧ ಆಂಪಿಯರ್. ಪೈ 4ಕ್ಕೆ ಬೇಕಾದದ್ದು 3 ಆಂಪಿಯರ್ ಕೊಡುವ ಸಪ್ಲೈ. ಗಾಲಿ ತಿರುಗಿದೊಡನೆ ಪೈ ರೀಸ್ಟಾರ್ಟ್ ಆದರೆ, ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ, ಪ್ರೋಗ್ರಾಂ ತಿದ್ದುತ್ತ ಕೂರಬೇಡಿ, ಮೊದಲು ವೋಲ್ಟೇಜ್ ಅಳೆಯಿರಿ. ಪೈಗೆ ವೋಲ್ಟೇಜ್ ಇಳಿಸಿಕೊಡುವ 5 ಆಂಪಿಯರಿನ ಬೇರೆ ಬಕ್ ಕನ್ವರ್ಟರ್ ಹಾಕಿ. ಗ್ರೌಂಡ್ (ಮೈನಸ್ ತಂತಿ) ಮಾತ್ರ ಎಲ್ಲಕ್ಕೂ ಒಂದೇ. ಡ್ರೈವರ್ ಟಿಬಿ6612 ಆಗಿದ್ದರೆ ಅದರಲ್ಲಿ ವೋಲ್ಟೇಜ್ ಅಷ್ಟಾಗಿ ಬೀಳದು, ಆದ್ದರಿಂದ ಪಿಡಬ್ಲ್ಯುಎಂ (ಕರೆಂಟನ್ನು ಬೇಗಬೇಗ ಹಚ್ಚಿ ಆರಿಸಿ ವೇಗ ತಗ್ಗಿಸುವ ಬಗೆ) 70 ಪ್ರತಿಶತ ಮೀರದಿರಲಿ, ಇಲ್ಲವಾದರೆ 6 ವೋಲ್ಟಿನ ಮೋಟಾರಿಗೆ 8.4 ಸಿಗುತ್ತದೆ.

ನೆಲ ಶಹಾಬಾದ್ ಪರಸಿಯದ್ದಾದರೆ ಎತ್ತ ಬೇಕಾದರೂ ತಿರುಗುವ ಮುಂದಿನ ಪುಟ್ಟ ಕ್ಯಾಸ್ಟರ್ ಗಾಲಿ ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಮೋಟಾರಿನ ಗಾಲಿ ಮುಂದೆ, ಕ್ಯಾಸ್ಟರ್ ಹಿಂದೆ ಬರಲಿ. ಮೆಟ್ಟಿಲು ಗುರುತಿಸಲು ಬೆಳಕಿನಿಂದ ದೂರ ಅಳೆದು ನೆಲ ನೋಡುವ ವಿಎಲ್53ಎಲ್0ಎಕ್ಸ್ ಸೆನ್ಸರನ್ನು ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ಕನಿಷ್ಠ 10 ಸೆಂ.ಮೀ. ಮುಂದೆ ಚಾಚಿ ಕೂರಿಸಿ. ಅಷ್ಟು ಅಂತರ ಇದ್ದರೇ ನಿಲ್ಲಲು ಸಮಯ. ಸದ್ದು ಕಳಿಸಿ ಎದುರಿನ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿಗೆ ತೂಗುಬಿಟ್ಟ ಸೀರೆ, ಕೌದಿ ಸರಿಯಾಗಿ ಕಾಣುವುದಿಲ್ಲ, ಬಟ್ಟೆ ಸದ್ದನ್ನು ನುಂಗುತ್ತದೆ. 42 ಡಿಗ್ರಿ ಬಿಸಿಲಿನಲ್ಲಿ ಸದ್ದಿನ ವೇಗ ಹೆಚ್ಚಿ ಅಳತೆ 3-4 ಪ್ರತಿಶತ ತಪ್ಪುವುದೂ ನಿಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೈ ಮಾತ್ರ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗಿ, ಉತ್ತರ ಇನ್ನೂ ತಡವಾಗುತ್ತದೆ, ಅದಕ್ಕೊಂದು ಫ್ಯಾನ್ ಬೇಕು. ಸೆಲ್ಲುಗಳನ್ನು ಮೇ ತಿಂಗಳಲ್ಲಿ ನಸುಕಿನಲ್ಲೇ ಚಾರ್ಜ್ ಮಾಡಿ.

ಮೊದಲ ದಿನ ಗಾಡಿಯನ್ನು ಇಟ್ಟಿಗೆಯ ಮೇಲಿಟ್ಟು ಗಾಲಿ ಗಾಳಿಯಲ್ಲಿರುವಂತೆ ನೋಡಿಕೊಳ್ಳಿ. ‘ಮುಂದೆ’ ಎಂದು ತಿರುಗಿಸಿ, ಯುಎಸ್‌ಬಿ ಕೇಬಲ್ ಕಿತ್ತುಬಿಡಿ. ನ್ಯಾನೋಗೆ ಬ್ಯಾಟರಿಯಿಂದ ಬೇರೆ ಕರೆಂಟ್ ಇರಬೇಕು, ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಅರ್ಧ ಸೆಕೆಂಡಿನಲ್ಲಿ ಗಾಲಿ ನಿಲ್ಲದಿದ್ದರೆ ನೆಲಕ್ಕೆ ಇಳಿಸಬೇಡಿ.